ಜೋಡಿರೆಕ್ಕೆಯ ಹಿಂದಿನ ದಾರಗಳನ್ನು ಬಿಚ್ಚಿದ ಮೇಲೆ

ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ಜೋಡಿರೆಕ್ಕೆಯ ವಿಮಾನದ ಮಾದರಿಯನ್ನು, ಮೂಲದ ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಮಾಡಲು ಹೊರಟಾಗ, ಅದು ಹಾರದಿದ್ದರೂ ಚಿಂತೆಯಿಲ್ಲ, ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸಲು ರೆಕ್ಕೆಯ ತುದಿ ಮಾತ್ರ ಮೂಲದಂತೆಯೇ ತಿರುಚಿಕೊಳ್ಳಬೇಕು ಎಂಬ ಹಟ ನನಗಿತ್ತು. ಮೂಲದ ರೆಕ್ಕೆಯ ಹರವು 40 ಅಡಿ 4 ಅಂಗುಲ. ನನ್ನದು 40 ಅಂಗುಲಕ್ಕಿಂತ ತುಸು ಹೆಚ್ಚು. ಸ್ಪ್ರೂಸ್ ಮರದ ಬದಲಿಗೆ ಬಿದಿರಿನ ಸೀಳನ್ನೂ ತಂತಿಯ ಬದಲಿಗೆ ಮೀನುಗಾಳದ ನೈಲಾನ್ ದಾರವನ್ನೂ ಬಳಸಿದೆ.

ಮೇಲಿನ, ಕೆಳಗಿನ ರೆಕ್ಕೆಗಳ ನಡುವೆ ಕಂಬಗಳನ್ನು ನಿಲ್ಲಿಸಿ, ಹಿಂದೆ ಮುಂದೆ ಎನ್ನದೆ ಪ್ರತಿ ಅಂಕಣಕ್ಕೂ, ಅಂದರೆ ಎರಡು ಕಂಬಗಳ ನಡುವಿನ ಜಾಗಕ್ಕೂ, ಮೂಲೆಯಿಂದ ಮೂಲೆಗೆ ದಾರ ಬಿಗಿದೆ. ಕಂಬ ಒತ್ತಡವನ್ನು ಹೊರುತ್ತದೆ, ತಂತಿ ಎಳೆತವನ್ನು ತಡೆಯುತ್ತದೆ. ಸೇತುವೆಗಳ ಈ ಪ್ರಾಟ್ ಚೌಕಟ್ಟನ್ನು ಅಮೆರಿಕದ ಎಂಜಿನಿಯರ್ ಆಕ್ಟೇವ್ ಶಾನೂಟ್ 1896ರಲ್ಲೇ ತಮ್ಮ ಗ್ಲೈಡರಿಗೆ (ಎಂಜಿನ್ ಇಲ್ಲದ ವಿಮಾನಕ್ಕೆ) ಅಳವಡಿಸಿದ್ದರು. ನನ್ನ ಚೌಕಟ್ಟೂ ಗಟ್ಟಿಯಾಗಿಯೇ ಬಂತು. ಆದರೆ ತುದಿಯನ್ನು ತಿರುಚಲು ಹೋದಾಗ ಕಂಬವೇ ಲಟಕ್ಕನೆ ಮುರಿಯಿತು.

1899ರಲ್ಲಿ ವಿಲ್ಬರ್ ರೈಟ್ ಸೈಕಲ್ ಟ್ಯೂಬಿನ ರಟ್ಟಿನ ಡಬ್ಬಿಯನ್ನು ತಿರುಚುತ್ತಿದ್ದಾಗ ರೆಕ್ಕೆ ತಿರುಚುವ ಉಪಾಯ ಹೊಳೆಯಿತೆಂಬುದನ್ನು ನೆನೆದು, ಟ್ಯೂಬ್‌ಲೈಟಿನ ಖಾಲಿ ಡಬ್ಬಿಯ ಎರಡೂ ಬಾಯಿ ತೆರೆದು ತಿರುಚಿ ನೋಡಿದೆ. ಅಂಚುಗಳು ಬಾಗದೆಯೇ ಎರಡು ತುದಿಗಳು ಎದುರುಬದುರಾಗಿ ವಾಲಿದವು. ಆಮೇಲೆ ಹಳೆಯ ಛಾಯಾಚಿತ್ರಗಳನ್ನು ಮತ್ತೆ ನೋಡಿದರೆ, ಮುಂಭಾಗದ ಅಂಕಣಗಳಿಗೆಲ್ಲ ಅಡ್ಡತಂತಿಗಳಿದ್ದರೂ ಹಿಂಭಾಗದಲ್ಲಿ ನಡುವಿನ ಅಂಕಣಗಳಿಗೆ ಮಾತ್ರ ಇದ್ದವು. ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ಹೊರ ಅಂಕಣಗಳ ದಾರಗಳನ್ನು ಕತ್ತರಿಸಿ, ಅಂಟಿಸಿದ್ದ ಕಂಬಗಳನ್ನು ಕಿತ್ತು ಕೊಕ್ಕೆಗಳಿಂದ ಜೋಡಿಸಿದೆ. ಚಾಲಕ ಬೋರಲು ಮಲಗಿ ಸೊಂಟದಿಂದ ಸರಿಸಿ ರೆಕ್ಕೆಯ ತುದಿಗಳನ್ನು ತಿರುಚುತ್ತಿದ್ದ ತೊಟ್ಟಿಲನ್ನು ಈಗ ಬೆರಳಿನಿಂದ ಎಡಕ್ಕೆ ಸರಿಸಿದರೆ ಬಲತುದಿಯ ಹಿಂದಂಚು ಕೆಳಗಿಳಿದು, ಎಡತುದಿಯದು ಮೇಲೇಳುತ್ತದೆ.

ಬಟ್ಟೆಯೂ ಕಾಡಿತು. ಮಲ್ ಬಟ್ಟೆಯನ್ನು ನೇರ ಎಳೆಯಲ್ಲಿ ಹೊದಿಸಿದಾಗ ರೆಕ್ಕೆಯ ಆಯತವೇ ಓರೆಯಾಗಿ ಜರುಗುತ್ತಿತ್ತು. ರೈಟ್ ಸಹೋದರರು ಮಸ್ಲಿನ್ನನ್ನು ಓರೆಯಾಗಿ, ದರ್ಜಿಗಳು ಕ್ರಾಸ್ ಎನ್ನುವ ರೀತಿಯಲ್ಲಿ ಹೊದಿಸಿದ್ದರು. ಹಾಗೆ ಮಾಡಿದಾಗ ನೂಲೆಳೆಗಳೇ ಅಡ್ಡಬಿಗಿತವಾಗಿ ಆ ಜರುಗಾಟ ನಿಂತಿತು.

ಎಂಜಿನ್ ಚಾಲಕನ ಬಲಕ್ಕಿದ್ದು, ಅವನಿಗಿಂತ ಭಾರವಾಗಿದ್ದುದರಿಂದ ಮೂಲದ ಬಲರೆಕ್ಕೆ ಎಡದ್ದಕ್ಕಿಂತ 4 ಅಂಗುಲ ಉದ್ದವಾಗಿತ್ತು. ನನ್ನ ಮಾದರಿಯಲ್ಲಿ ಅದು ಸುಮಾರು 8 ಮಿಲಿಮೀಟರ್; ಇದನ್ನು ಗಮನಿಸಿದವರೆಲ್ಲ ನಾನು ಅಳತೆ ತಪ್ಪಿದ್ದೇನೆ ಎಂದೇ ಭಾವಿಸುತ್ತಾರೆ.