"ಜ್ವರ ಇಳಿದಿದೆ, ಶಾಲೆಗೆ ಕಳಿಸಬಹುದಾ?"

ರಾತ್ರಿ ಹತ್ತೂವರೆಗೆ ಬಂದ ಕಮೆಂಟ್ ಅದು. "ಮಗಳಿಗೆ ನಾಲ್ಕು ದಿನ ಜ್ವರ ಇತ್ತು. ಇವತ್ತು ಇಳಿದಿದೆ. ಹೊಟ್ಟೆನೋವು ಅಂತಾಳೆ, ಮೂರ್ನಾಲ್ಕು ಸಲ ವಾಂತಿ ಆಯ್ತು. ನಾಳೆ ಶಾಲೆಗೆ ಕಳಿಸಬಹುದಾ?"

ಡೆಂಗಿ ಜೋರಾಗಿದ್ದ ಸಮಯ. ಆರೋಗ್ಯ ಇಲಾಖೆಯ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. 'ನಿಂತ ನೀರು ಚೆಲ್ಲಿ' ಎಂದು ಹೇಳುವ ನಮ್ಮದೇ ಪೋಸ್ಟಿನ ಕೆಳಗೆ ಆ ತಾಯಿ ಇದನ್ನು ಬರೆದಿದ್ದರು. ಓದಿದ ಕೂಡಲೇ ಎದೆ ಝಲ್ಲೆಂದಿತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ ಅದು ಬರುತ್ತದೆ. ಆಮೇಲಿನ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

"ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಮ್ಮಾ, ಬೆಳಗಾಗುವವರೆಗೆ ಕಾಯಬೇಡಿ" ಎಂದು ಬರೆದೆ. ಇಪ್ಪತ್ತು ನಿಮಿಷಕ್ಕೆ "ಹೊರಟ್ವಿ" ಎಂದು ಉತ್ತರ ಬಂತು. ಎರಡು ದಿನ ಬಿಟ್ಟು, "ಡ್ರಿಪ್ ಹಾಕಿದ್ದಾರೆ, ಈಗ ಪರವಾಗಿಲ್ಲ" ಎಂದರು.

ಮರುದಿನ ಕೂತು ಹಳೆಯ ಕಮೆಂಟುಗಳನ್ನೆಲ್ಲ ಓದಿದೆ. ಬೇರೆ ಬೇರೆ ಮಾತಿನಲ್ಲಿ ಅದೇ ಪ್ರಶ್ನೆ ಎಷ್ಟೋ ಸಲ ಬಂದಿತ್ತು. ಕೆಲಸಕ್ಕೆ ಹೋಗಬಹುದಾ? ಮಾತ್ರೆ ನಿಲ್ಲಿಸಬಹುದಾ? ನಾವು ದಿನಾ ಸೊಳ್ಳೆಯ ಚಿತ್ರ ಹಾಕುತ್ತಾ ಕೂತಿದ್ದೆವು. ಜನ ಕೇಳುತ್ತಿದ್ದದ್ದು ಜ್ವರ ಇಳಿದ ಮೇಲಿನ ಕಥೆ. ಅವತ್ತೇ ಪೋಸ್ಟ್ ಬದಲಾಯಿಸಿದೆವು. ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: 'ಜ್ವರ ಇಳಿದರೆ ಡೆಂಗಿ ಮುಗಿಯಿತು ಎಂದಲ್ಲ.' ಕೆಳಗೆ ಅಪಾಯದ ಲಕ್ಷಣಗಳು. ನಮ್ಮ ಪೇಜಿನಲ್ಲಿ ಅತಿ ಜಾಸ್ತಿ ಶೇರ್ ಆದದ್ದು ಅದೇ.

ಅಲ್ಲಿಂದ ಬೆಳಿಗ್ಗೆ ಮೊದಲ ಒಂದು ಗಂಟೆ ಏನನ್ನೂ ಹಾಕುತ್ತಿರಲಿಲ್ಲ. ಬರೀ ಓದುವುದು. ಹೊಸ ಪ್ರಶ್ನೆ ಯಾವುದು, ಯಾವ ಗಾಳಿಸುದ್ದಿ ಎದ್ದಿದೆ ಎಂದು ಬರೆದುಕೊಂಡು ವೈದ್ಯರ ಮುಂದೆ ಇಡುವುದು.

ತಡವಾಗುತ್ತಿದ್ದದ್ದು ಒಪ್ಪಿಗೆಯಲ್ಲಿ. ಒಂದು ಪೋಸ್ಟಿಗೆ ನಾಲ್ಕು ಜನ ಸಹಿ ಹಾಕಬೇಕಿತ್ತು. ಅಷ್ಟರಲ್ಲಿ ಸುಳ್ಳು ಎಲ್ಲರ ಮೊಬೈಲು ಸುತ್ತಿ ಬಂದಿರುತ್ತಿತ್ತು. ಸೋಂಕಿನ ಸಮಯದಲ್ಲಿ ಜನರೊಂದಿಗೆ ಹೇಗೆ ಮಾತಾಡಬೇಕು ಎಂಬುದಕ್ಕೆ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಒಂದು ಕೈಪಿಡಿ ಇದೆ. ಅದರ ಮೊದಲ ಮೂರು ಮಾತು: ಮೊದಲು ಹೇಳಿ, ಸರಿಯಾಗಿ ಹೇಳಿ, ನಂಬುವಂತೆ ಹೇಳಿ. ಮೊದಲನೆಯದೂ ಎರಡನೆಯದೂ ದಿನಾ ಜಗಳ ಆಡುತ್ತವೆ. ಪದೇ ಪದೇ ಬರುವ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಬರೆದು, ಒಂದೇ ಸಲ ಸಹಿ ಮಾಡಿಸಿಟ್ಟೆವು. ಆಮೇಲೆ ಉತ್ತರ ಕೊಡಲು ಯಾರನ್ನೂ ಕಾಯಬೇಕಾಗಲಿಲ್ಲ.

ಗಾಳಿಸುದ್ದಿಯನ್ನು ಹಗುರವಾಗಿ ನೋಡಬಾರದು. 2014ರಲ್ಲಿ ಉಪ್ಪುನೀರು ಕುಡಿದರೆ ಎಬೋಲಾ ಬರಲ್ಲ ಎಂಬ ಸುದ್ದಿ ನೈಜೀರಿಯಾದಲ್ಲಿ ಹಬ್ಬಿತು. ಅದನ್ನು ಕುಡಿದು ಕನಿಷ್ಠ ಇಬ್ಬರು ಸತ್ತರೆಂಬ ವರದಿ ಬಂದು, ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಬೇಕಾಯಿತು. ನಮ್ಮಲ್ಲಿ ಓಡಾಡಿದ್ದು ಒಂದು ವಾಟ್ಸ್‌ಆ್ಯಪ್ ಆಡಿಯೊ. ಮೈಕೈ ನೋವಿಗೆ ಐಬುಪ್ರೊಫೆನ್ ತಗೊಳ್ಳಿ, ಬೇಗ ವಾಸಿ ಆಗುತ್ತೆ ಅಂತ. ಡೆಂಗಿಯಲ್ಲಿ ಆ ಮಾತ್ರೆಯಿಂದಲೂ ಆಸ್ಪಿರಿನ್‌ನಿಂದಲೂ ರಕ್ತಸ್ರಾವ ಹೆಚ್ಚಬಹುದು. ಕೊಡಬೇಕಾದದ್ದು ಪ್ಯಾರಸಿಟಮಾಲ್.

ಮೊದಲು ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಆ ಆಡಿಯೊದ ಮಾತನ್ನು ಬರೆದು, ಮೇಲೆ ಕೆಂಪಕ್ಷರದಲ್ಲಿ 'ಸುಳ್ಳು' ಎಂದು ಹಾಕಿದೆವು. ಮೂರೇ ದಿನದಲ್ಲಿ ಒಬ್ಬರು ಕಮೆಂಟಿನಲ್ಲಿ ಕೇಳಿದರು: "ಇಲಾಖೆಯವರೇ ಐಬುಪ್ರೊಫೆನ್ ಅಂತ ಹಾಕಿದ್ರಲ್ವಾ?" ಆ ಚಿತ್ರದಲ್ಲಿ ಅವರ ನೆನಪಲ್ಲಿ ಉಳಿದದ್ದು ಮಾತ್ರೆಯ ಹೆಸರು, ಕೆಂಪಕ್ಷರವಲ್ಲ. ಅವತ್ತಿನಿಂದ ನಿಜದಿಂದಲೇ ಶುರು ಮಾಡಿದೆವು. 'ಡೆಂಗಿ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ' ಎಂಬುದು ಮೊದಲ ಸಾಲು. ಸುಳ್ಳು ಆಡಿಯೊ ಆಗಿ ಓಡುತ್ತಿದ್ದರಿಂದ ನಮ್ಮ ಉತ್ತರವೂ ಆಡಿಯೊ ಆಯಿತು. ವೈದ್ಯರೊಬ್ಬರು ನಲವತ್ತು ಸೆಕೆಂಡಿನಲ್ಲಿ ಮನೆಯವರಿಗೆ ಹೇಳಿದಂತೆ ಹೇಳಿದರು. ಶುರುವಿನಲ್ಲೇ ತಾರೀಖು ಹೇಳಿಸಿದೆವು. ಯಾಕೆಂದರೆ ಹಳೇ ಮೆಸೇಜು ತಿಂಗಳು ಬಿಟ್ಟು ಹೊಸದೆಂಬಂತೆ ಬಂದು ನಿಲ್ಲುತ್ತದೆ.

ನನ್ನ ಒಂದು ತಪ್ಪನ್ನೂ ಹೇಳಬೇಕು. ಒಂದು ಸಂಜೆ ಹಿಂದಿನ ವಾರದ ಅಂಕಿಯನ್ನು ಇವತ್ತಿನದೆಂದು ಹಾಕಿಬಿಟ್ಟೆ. ಗೊತ್ತಾದ ಕೂಡಲೇ ಸುಮ್ನೆ ಅಳಿಸಿದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತಿತ್ತು. 'ಸಂಖ್ಯೆ ಮುಚ್ಚಿಡ್ತಿದ್ದಾರೆ' ಎಂಬ ಮಾತು ಹುಟ್ಟಿತು. ಮರುದಿನ ತಪ್ಪು ಏನು, ಹೇಗಾಯಿತು, ಸರಿಯಾದ ಅಂಕಿ ಎಷ್ಟು ಎಂದು ಬರೆದು ಕ್ಷಮೆ ಕೇಳಿದೆ. ಬೈಗುಳ ನಿಲ್ಲಲು ನಾಲ್ಕೈದು ದಿನ ಹಿಡಿಯಿತು. ಆಮೇಲೆ ಯಾವ ಪೋಸ್ಟನ್ನೂ ಅಳಿಸಲಿಲ್ಲ, ಅದರ ಮೇಲೆಯೇ ತಿದ್ದುಪಡಿ ಬರೆದೆ.

ಪದಗಳಲ್ಲೂ ಹುಷಾರಾಗಿರಬೇಕು. 2020ರ ಜನವರಿ 14ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಟ್ವೀಟ್ ಮಾಡಿತ್ತು. ಚೀನಾದ ಆರಂಭದ ತನಿಖೆಯಲ್ಲಿ, ಹೊಸ ಕೊರೊನಾ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುವುದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ ಎಂಬುದು ಅದರ ಒಕ್ಕಣೆ. ಪುರಾವೆ ಸಿಕ್ಕಿಲ್ಲ ಎಂದರೆ ಓದುವವರಿಗೆ ಹರಡುವುದಿಲ್ಲ ಎಂದೇ ಕೇಳಿಸುತ್ತದೆ. ಅದಕ್ಕೇ ನಾನು ಹೀಗೆ ಬರೆಯುತ್ತಿದ್ದೆ: 'ಇವತ್ತಿನವರೆಗೆ ಗೊತ್ತಿರುವುದು ಇಷ್ಟು. ಇದಿನ್ನೂ ಗೊತ್ತಿಲ್ಲ. ಪರೀಕ್ಷೆ ನಡೆಯುತ್ತಿದೆ, ನಾಳೆ ಸಂಜೆ ಆರಕ್ಕೆ ಮತ್ತೆ ಹೇಳುತ್ತೇವೆ.' ಹೊಸದೇನೂ ಇಲ್ಲದಿದ್ದರೂ ಆರಕ್ಕೆ ಬಂದು ಹೇಳಿದೆವು. ಕೊನೆಕೊನೆಗೆ ಜನ ಆರಕ್ಕೆ ಕಾಯುತ್ತಿದ್ದರು.

ಕೇಸುಗಳು ಇಳಿದ ಮೇಲೂ ಎರಡು ವಾರ ಸಂಜೆಯ ಪೋಸ್ಟ್ ನಿಲ್ಲಿಸಲಿಲ್ಲ. ಆಗ ಜಾಸ್ತಿ ಬಂದ ಪ್ರಶ್ನೆ, "ಒಂದು ಸಲ ಬಂದವರಿಗೆ ಮತ್ತೆ ಬರಲ್ಲ ಅಲ್ವಾ?" ಬರಬಹುದು. ಡೆಂಗಿ ವೈರಸ್‌ನಲ್ಲಿ 4 ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಮಾತ್ರ ದೀರ್ಘ ಕಾಲದ ರಕ್ಷಣೆ. ಎರಡನೇ ಸಲ ಬೇರೆ ಬಗೆ ತಗುಲಿದರೆ ಕಾಯಿಲೆ ಜೋರಾಗುವ ಅಪಾಯ ಹೆಚ್ಚು. ಕೊನೆಯ ಸಂಜೆ ಅದನ್ನೇ ಹಾಕಿ, ರಾತ್ರಿ ಹನ್ನೊಂದರವರೆಗೆ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದೆ.