ಓದುವವರನ್ನು ಒಪ್ಪಿಸುವಂತೆ ಬರೆಯುವುದು ಹೇಗೆ?

ಮನವೊಲಿಸುವ ಬರಹವೆಂದರೆ ತೂಕದ ಪದಗಳನ್ನು ಪೇರಿಸುವುದು ಎಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಅಲಂಕಾರ ಕೊನೆಯ ಕೆಲಸ. ಓದುವವರು ಯಾಕೆ ‘ಇಲ್ಲ’ ಎನ್ನಬಹುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೊದಲ ಹೆಜ್ಜೆಯಾಗಿ, ಯಾರಿಂದ ಏನಾಗಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಗ್ರಂಥಾಲಯದ ಮಹತ್ವ’ ಬರೀ ವಿಷಯ. ‘ಶಾಲೆಯ ಗ್ರಂಥಾಲಯವನ್ನು ಸಂಜೆ ಆರರವರೆಗೆ ತೆರೆದಿಡಲು ಮುಖ್ಯೋಪಾಧ್ಯಾಯರು ಒಪ್ಪಬೇಕು’ ಎಂಬುದು ಗುರಿ.

ಎರಡನೆಯದು, ಕಾರಣಗಳ ಹುಡುಕಾಟ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಒಪ್ಪಿಸುವ ದಾರಿಗಳು ಮೂರು ಎಂದ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ವಾದದ ತರ್ಕ. ‘ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಇದೊಂದೇ ಆಸರೆ’ ಎಂಬುದು ಮನಸ್ಸಿಗೆ ತಟ್ಟುತ್ತದೆ, ತರ್ಕಕ್ಕೂ ಒಪ್ಪುತ್ತದೆ. ‘ಪುಸ್ತಕಗಳನ್ನು ಮರಳಿ ಜೋಡಿಸಿಡುವ ಹೊಣೆ ನಮ್ಮದು’ ಎಂದರೆ ನಂಬಿಕೆ ಹುಟ್ಟುತ್ತದೆ. ಇಲ್ಲದ ಅಂಕಿಸಂಖ್ಯೆಗಳನ್ನು ಮಾತ್ರ ಎಂದೂ ಸೇರಿಸಬೇಡಿ, ಅದು ಮೋಸ.

ಮೂರನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ‘ಅಷ್ಟು ಹೊತ್ತು ಮೇಲ್ವಿಚಾರಣೆ ಯಾರದು?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ನೀವೇ ಎತ್ತಿ, ದುರ್ಬಲಗೊಳಿಸದೆ ಹೇಳಿ, ಉತ್ತರಿಸಿ. ಶಿಕ್ಷಕರು ಸರದಿಯಂತೆ ಉಳಿಯಬಹುದೇ, ವಾರಕ್ಕೆ ಮೂರು ದಿನವಾದರೂ ಸಾಧ್ಯವೇ ಎಂದು ಯೋಚಿಸಿ ಬರೆದರೆ, ಎದುರಿನವರ ಕಷ್ಟ ನಿಮಗೆ ಗೊತ್ತಿದೆ ಎಂದು ಅವರಿಗೆ ಮನದಟ್ಟಾಗುತ್ತದೆ.

ಈಗ ಅಲಂಕಾರ. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ ‘ನನಗೊಂದು ಕನಸಿದೆ’ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದರು; ಪ್ರತಿ ಸಲವೂ ಹೊಸ ಚಿತ್ರವೊಂದು ಜೊತೆಗಿದ್ದುದರಿಂದ ಆ ಪುನರಾವರ್ತನೆ ಬೇಸರ ತರಲಿಲ್ಲ. ಪ್ರಾಚೀನ ರೋಮಿನ ಸೇನಾನಿ ಸೀಸರನದೆನ್ನಲಾದ ‘ಬಂದೆ, ನೋಡಿದೆ, ಗೆದ್ದೆ’ ಎಂಬ ಮಾತಿನ ಬಲ ಮೂರರ ಲಯದಲ್ಲಿದೆ. ನಮ್ಮ ಮನವಿಯಲ್ಲೇ ನೋಡಿ. ‘ಗ್ರಂಥಾಲಯವು ಬೇಗ ಮುಚ್ಚುವುದರಿಂದ ವಿದ್ಯಾರ್ಥಿಗಳಿಗೆ ಪುಸ್ತಕಗಳ ಪ್ರಯೋಜನ ದೊರೆಯುತ್ತಿಲ್ಲ’ ಎಂಬುದು ಸರಿಯಾದ ವಾಕ್ಯವೇ, ಆದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ‘ಪುಸ್ತಕಗಳಿವೆ, ಓದುವವರಿದ್ದಾರೆ, ಬಾಗಿಲು ಮುಚ್ಚಿದೆ’ ಎಂದು ಬರೆಯಿರಿ. ‘ಇವೆ’, ‘ಇದ್ದಾರೆ’ ಎಂಬ ಎರಡು ಮಾತುಗಳ ನಂತರ ಬರುವ ಆ ಮುಚ್ಚಿದ ಬಾಗಿಲು ಓದುವವರನ್ನು ತಡೆದು ನಿಲ್ಲಿಸುತ್ತದೆ. ಇಂಥ ವಾಕ್ಯ ಒಂದಿದ್ದರೆ ಸಾಕು. ಪ್ರತಿ ಸಾಲಿನಲ್ಲೂ ಇದ್ದರೆ ಕೃತಕವಾಗುತ್ತದೆ.

ಉತ್ತರ ಬಯಸದ ಪ್ರಶ್ನೆಗಳನ್ನು ಎಚ್ಚರದಿಂದ ಬಳಸಿ. ‘ಮಕ್ಕಳು ಓದುವುದು ನಿಮಗೆ ಬೇಡವೇ?’ ಎಂದರೆ ಅದು ಆರೋಪ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಕಟ್ಟುವ ವಾಕ್ಯಗಳನ್ನು ಒಡೆಯಿರಿ. ಕೊನೆಯಲ್ಲಿ, ಸುಲಭವಾಗಿ ಒಪ್ಪಬಹುದಾದ ಒಂದು ಖಚಿತ ಬೇಡಿಕೆ ಇಡಿ: ‘ಮುಂದಿನ ಸೋಮವಾರದಿಂದ ಒಂದು ತಿಂಗಳು ಪ್ರಾಯೋಗಿಕವಾಗಿ ತೆರೆದಿಡಲು ಅನುಮತಿ ನೀಡಬೇಕೆಂದು ಕೋರುತ್ತೇವೆ.’