ಕುಲುಕದಂತೆ ಗೇರ್ ಬದಲಿಸಲು ಎಡಗಾಲನ್ನು ಪಳಗಿಸಿ

ಗೇರ್ ಬದಲಿಸಿದಾಗಲೆಲ್ಲ ಪಕ್ಕದಲ್ಲಿ ಕೂತವರ ತಲೆ ಮುಂದೆ ಹಿಂದೆ ಆಡುತ್ತಿದ್ದರೆ ಹೊಸಬರು ಗೇರ್ ರಾಡನ್ನೇ ದೂರುತ್ತಾರೆ. ಹೆಚ್ಚಿನ ಸಲ ಕೈ ಸರಿಯಾಗಿಯೇ ಇರುತ್ತದೆ, ತಪ್ಪುವುದು ಕ್ಲಚ್ ಬಿಡುವ ಕಾಲು.

ಇಂಜಿನ್‌ಗೆ ಅಂಟಿಕೊಂಡು ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ, ಗೇರ್‌ಬಾಕ್ಸ್ ಕಡೆ ಕ್ಲಚ್ ಪ್ಲೇಟ್. ಪೆಡಲ್ ತುಳಿದರೆ ಎರಡೂ ಬೇರೆಯಾಗುತ್ತವೆ, ಬಿಟ್ಟರೆ ಒತ್ತಿ ಸೇರಿಕೊಳ್ಳುತ್ತವೆ. ಸೇರುವ ಹೊತ್ತಿಗೆ ಎರಡರ ವೇಗವೂ ಒಂದೇ ಇದ್ದರೆ ಒಳಗಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ವೇಗದಲ್ಲಿ ಅಂತರವಿದ್ದರೆ ಅದೇ ಕುಲುಕಾಗಿ ಬರುತ್ತದೆ.

ಆ ಅಂತರ ಎಲ್ಲ ಗೇರ್‌ಗಳಲ್ಲೂ ಒಂದೇ ಅಲ್ಲ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಫಸ್ಟ್ ಗೇರ್‌ನ ಅನುಪಾತ (ಗೇರ್‌ಬಾಕ್ಸ್‌ನಿಂದ ಹೊರಬರುವ ಒಂದು ಸುತ್ತಿಗೆ ಇಂಜಿನ್ ಹಾಕುವ ಸುತ್ತು) ಸುಮಾರು 3.5, ಸೆಕೆಂಡ್‌ನದು 1.9, ಥರ್ಡ್‌ನದು 1.3ರ ಆಸುಪಾಸು. 2,500 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಫಸ್ಟ್‌ನಿಂದ ಸೆಕೆಂಡ್‌ಗೆ ಹಾಕಿದರೆ ಇಂಜಿನ್ 1,350ರವರೆಗೆ ಇಳಿಯಬೇಕು. ಸೆಕೆಂಡ್‌ನಿಂದ ಥರ್ಡ್‌ಗಾದರೆ 1,700ಕ್ಕೆ ಇಳಿದರೆ ಸಾಕು. ಅದಕ್ಕೇ ಎಲ್ಲರೂ ಎಡವುವುದು ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವಾಗ. ಕಲಿಯುವ ಸಮಯದ ಅರ್ಧಭಾಗವನ್ನು ಇದೊಂದಕ್ಕೇ ಕೊಟ್ಟರೂ ತಪ್ಪಿಲ್ಲ.

ಮೊದಲು ಸೀಟು. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು; ಕಾಲು ನೇರ ಚಾಚಿಕೊಂಡರೆ ಬಿಡುವಾಗ ಹಿಡಿತ ಸಿಗುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಪೆಡಲ್ ಮೇಲೆ ಜಾರುತ್ತದೆ. ಸಮತಟ್ಟಾದ ಖಾಲಿ ಮೈದಾನಕ್ಕೆ ಹೋಗಿ ಫಸ್ಟ್ ಗೇರ್ ಹಾಕಿ, ಎಕ್ಸಲರೇಟರ್ ಮುಟ್ಟದೆ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಜಾಗಕ್ಕೆ ಬಂದಾಗ ಇಂಜಿನ್ ಸದ್ದು ತುಸು ಕುಗ್ಗುತ್ತದೆ, ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತದೆ, ಗಾಡಿ ಉರುಳಲು ಶುರುವಾಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಕಾಲನ್ನು ಅಲ್ಲೇ ಎರಡು ಸೆಕೆಂಡ್ ನಿಲ್ಲಿಸಿ, ಆಮೇಲೆ ಪೂರ್ತಿ ಬಿಡಿ. ಗಾಡಿ ನಡಿಗೆಯ ವೇಗದಲ್ಲಿ ತಾನಾಗಿ ಹೋಗುತ್ತದೆ. ನಿಲ್ಲಿಸಿ, ಮತ್ತೆ ಮಾಡಿ. ಇಪ್ಪತ್ತು ಮೂವತ್ತು ಸಲ ಮಾಡಿದರೆ ಕಾಲಿಗೆ ಆ ಜಾಗ ನೆನಪಿರುತ್ತದೆ. ಕಾರಿನಿಂದ ಕಾರಿಗೆ ಅದು ಬೇರೆ. ಬೇರೆಯವರ ಗಾಡಿ ಹತ್ತಿದಾಗ ಮೊದಲು ಅದನ್ನೇ ಹುಡುಕಿಕೊಳ್ಳಿ.

ಈಗ ಸೆಕೆಂಡ್‌ಗೆ. ವೇಗ 15 ಕಿ.ಮೀ. ಹತ್ತಿರ ಬಂದಾಗ ಎಕ್ಸಲರೇಟರ್ ಬಿಡುತ್ತಲೇ ಕ್ಲಚ್ ಪೂರ್ತಿ ತುಳಿಯಿರಿ. ಎಕ್ಸಲರೇಟರ್ ಒಂದು ಕ್ಷಣ ತಡವಾಗಿ ಬಿಟ್ಟರೂ ಇಂಜಿನ್ ಕಿರುಚುತ್ತದೆ. ರಾಡನ್ನು ಎಡಕ್ಕೆ ಮೆಲ್ಲಗೆ ಒತ್ತಿಹಿಡಿದೇ ಕೆಳಗೆ ಎಳೆಯಿರಿ, ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದರೆ ಒಳ್ಳೆಯದು, ಅಷ್ಟರಲ್ಲಿ ಇಂಜಿನ್ ಇಳಿಯುತ್ತದೆ. ಕ್ಲಚ್ಚನ್ನು ಹಿಡಿಯುವ ಜಾಗದವರೆಗೆ ಬೇಗ ಬಿಡಿ, ಅಲ್ಲಿ ಮಾತ್ರ ನಿಧಾನಿಸಿ, ದಾಟಿದ ಮೇಲೆ ಎಕ್ಸಲರೇಟರ್ ಕೊಡಿ. ಮೊದಲಿಂದ ಕೊನೆಯವರೆಗೂ ಒಂದೇ ನಿಧಾನದಲ್ಲಿ ಬಿಡುವವರು ಕುಲುಕು ತಪ್ಪಿಸಿಕೊಳ್ಳುತ್ತಾರೆ ನಿಜ, ಆದರೆ ಪ್ಲೇಟನ್ನು ಸುಮ್ಮನೆ ಸವೆಸುತ್ತಾರೆ.

ಥರ್ಡ್‌ಗೆ 25-30, ಫೋರ್ತ್‌ಗೆ 40, ಫಿಫ್ತ್‌ಗೆ 55-60 ಎಂದು ಶುರುವಿನಲ್ಲಿ ಇಟ್ಟುಕೊಳ್ಳಬಹುದು. ಏರಿನಲ್ಲಿ, ಗಾಡಿ ತುಂಬ ಜನರಿದ್ದಾಗ ಇನ್ನೂ ತಡವಾಗಿ ಬದಲಿಸಬೇಕು. ಕೆಲವು ವಾರ ಕಳೆದರೆ ಮೀಟರ್ ನೋಡುವುದು ಬೇಕಾಗುವುದಿಲ್ಲ, ಸದ್ದೇ ಹೇಳುತ್ತದೆ.

ಥರ್ಡ್ ಹಾಕುವಾಗ ಕೈ ಮಾಡುವ ತಪ್ಪು ಒಂದಿದೆ. ಸೆಕೆಂಡ್‌ನಿಂದ ರಾಡನ್ನು ಬಿಗಿಯಾಗಿ ಹಿಡಿದು ಬಲಕ್ಕೆ ತಳ್ಳಿದರೆ ಅದು ನೇರ ಫಿಫ್ತ್‌ಗೆ ಹೋಗುತ್ತದೆ, ಗಾಡಿ ಎಳೆಯದೆ ಒದ್ದಾಡುತ್ತದೆ. ನ್ಯೂಟ್ರಲ್‌ಗೆ ತಂದು ಹಿಡಿತ ಸಡಿಲಿಸಿ. ಒಳಗಿನ ಸ್ಪ್ರಿಂಗ್ ರಾಡನ್ನು ತಾನಾಗಿ ಮಧ್ಯಕ್ಕೆ ತರುತ್ತದೆ. ಅಂಗೈಯಿಂದ ನೇರ ಮುಂದಕ್ಕೆ ತಳ್ಳಿದರೆ ಥರ್ಡ್. ಫಿಫ್ತ್‌ನಿಂದ ಫೋರ್ತ್‌ಗೆ ಇಳಿಸುವಾಗಲೂ ಹೀಗೇ. ಅಲ್ಲಿ ಎಡಕ್ಕೆ ಎಳೆದುಬಿಟ್ಟರೆ ಸೆಕೆಂಡ್ ಬೀಳುತ್ತದೆ. ಹೈವೇ ವೇಗದಲ್ಲಿ ಅದು ಬಹಳ ಅಪಾಯ, ಇಂಜಿನ್‌ಗೂ ಗಾಡಿಯಲ್ಲಿದ್ದವರಿಗೂ.

ಗೇರ್ ಇಳಿಸುವಾಗ ಲೆಕ್ಕ ತಿರುಗುಮುರುಗು. ಥರ್ಡ್‌ನಲ್ಲಿ 1,600ರಲ್ಲಿ ಹೋಗುತ್ತಿದ್ದು ಸೆಕೆಂಡ್ ಹಾಕಿದರೆ ಇಂಜಿನ್ 2,300ಕ್ಕೆ ಏರಬೇಕು. ಕ್ಲಚ್ ಬಿಡುವ ಮುನ್ನ ಎಕ್ಸಲರೇಟರನ್ನು ಒಮ್ಮೆ ಮೆಲ್ಲಗೆ ಮುಟ್ಟಿ ಆ ಏರಿಕೆಯನ್ನು ನೀವೇ ಕೊಟ್ಟರೆ ಗಾಡಿ ಮುಗ್ಗರಿಸುವುದಿಲ್ಲ. ಹಂಪ್ ಎದುರಾದಾಗ ಬ್ರೇಕ್ ಮೊದಲು, ಕ್ಲಚ್ ಆಮೇಲೆ. ದೂರದಿಂದಲೇ ಕ್ಲಚ್ ತುಳಿದುಕೊಂಡು ಬಂದರೆ ಇಂಜಿನ್ ತಡೆಯುವುದೂ ತಪ್ಪುತ್ತದೆ, ಬ್ರೇಕ್ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಶಿರಾಡಿ, ಆಗುಂಬೆ ಘಾಟಿ ಇಳಿಯುವವರು ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಬೇಡಿ. ಈಗಿನ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಗೇರ್‌ನಲ್ಲಿಟ್ಟು ಎಕ್ಸಲರೇಟರ್ ಬಿಟ್ಟರೆ ಇಂಧನ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಓಡಲು ಇಂಧನ ಬೇಕು. ಹತ್ತಲು ಸೆಕೆಂಡ್ ಬೇಕಾದ ಕಡೆ ಇಳಿಯಲೂ ಸೆಕೆಂಡ್. ಬರೀ ಬ್ರೇಕ್ ಹಿಡಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್ ಬ್ರೇಕ್ ಎಳೆದಿರಿ. ಸ್ವಲ್ಪ ಎಕ್ಸಲರೇಟರ್ ಕೊಟ್ಟು ಕ್ಲಚ್ ಹಿಡಿಯುವ ಜಾಗಕ್ಕೆ ತನ್ನಿ, ಬಾನೆಟ್ ತುಸು ಮೇಲೆದ್ದಂತಾದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಹಾಫ್ ಕ್ಲಚ್‌ನಲ್ಲೇ, ಅಂದರೆ ಪೆಡಲನ್ನು ಹಿಡಿಯುವ ಜಾಗದಲ್ಲೇ ಇಟ್ಟುಕೊಂಡು, ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಂಡರೆ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರುತ್ತದೆ. ಗಾಡಿ ಓಡುವಾಗ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಳ್ಳುವ ಅಭ್ಯಾಸವೂ ಬೇಡ, ಅದರಿಂದ ಪೆಡಲ್ ತುಳಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಬೇಗ ಹಾಳಾಗುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ಗೇರ್ ಕರಕರ ಎಂದರೆ ಕಾಲಡಿಯ ಮ್ಯಾಟ್ ಪೆಡಲ್‌ಗೆ ಅಡ್ಡ ಬರುತ್ತಿದೆಯೇ ನೋಡಿ. ಅದಲ್ಲವಾದರೆ ಪೆಡಲ್ ತುಳಿದರೂ ಕ್ಲಚ್ ಪ್ಲೇಟ್ ಪೂರ್ತಿ ಬೇರೆಯಾಗುತ್ತಿಲ್ಲ, ಕೇಬಲ್ ಅಥವಾ ಕ್ಲಚ್ ಆಯಿಲ್ ತೋರಿಸಬೇಕು. ರಿವರ್ಸ್‌ಗೆ ಮಾತ್ರ ಕರಕರ ಎಂದರೆ ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ತುಳಿದು ಮೂರು ಸೆಕೆಂಡ್ ಕಾದು ಹಾಕಿ. ಏರಿನಲ್ಲಿ ಫೋರ್ತ್ ಗೇರ್‌ನಲ್ಲಿ ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ, ಬದಲಿಸಲೇಬೇಕು.